ಗಾದಿ ಮಾಸ್ತರು

ಹೋದ ತಿಂಗಳು ಮನೆಯ ಹಳೆಯ ಗಾದಿಗಳನ್ನು ಬಿಚ್ಚಿಸಿದೆ. ಹತ್ತಿ ಹಿಂಜುವವನು ಚಿಟಗುಪ್ಪದ ನಮ್ಮ ಮಾಳಿಗೆಯ ಮೇಲೆ ಕೂತು, ಹೊಲಿಗೆ ಕೊಯ್ದು, ಒಳಗಿನ ಹತ್ತಿಯನ್ನೆಲ್ಲ ಹೊರಗೆಳೆದು ಹಾಕಿದ. ಕಂದು ಬಣ್ಣಕ್ಕೆ ತಿರುಗಿ ಗಂಟುಗಂಟಾದ ಹತ್ತಿ. ಅದರಿಂದ ಎದ್ದ ವಾಸನೆ... ಬೆವರು, ಮುಗ್ಗಲು, ಬಿಸಿಲು ಎಲ್ಲ ಕೂಡಿದ ವಾಸನೆ. ನಾನು ಚಹಾದ ಕಪ್ಪು ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದೆ. ಕಪ್ಪು ವಾಲಿ ಚಹಾ ಚೆಲ್ಲಿತು. "ಏನಾಯ್ತ್ರಿ ಬಾಯಿ?" ಎಂದು ಅವನು ಕೇಳಿದ. ಏನಿಲ್ಲ ಎಂದೆ. ಆದರೆ ನನ್ನ ಬೆನ್ನ ಹಿಂದೆ, ತಲೆಗಿಂತ ಒಂದು ಗೇಣು ಮೇಲೆ, ಒಬ್ಬ ಮನುಷ್ಯ ಉಸಿರಾಡುವುದು ಕೇಳಿಸಿದಂತಾಗಿತ್ತು.

ಅವರು ಹುಮನಾಬಾದಿನ ನಮ್ಮ ಹೈಸ್ಕೂಲಿನಲ್ಲಿ ಆಟದ ಮಾಸ್ತರಾಗಿದ್ದರು. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ನೌಕರಿಗೆ ಸೇರಿದವರು. ನಾನು ಅವರ ಕೈಗೆ ಸಿಕ್ಕದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಗಿಡ್ಡ ಆಳು, ಅಗಲ ಎದೆ. ಮುಂದಿನ ಎರಡು ಹಲ್ಲು ಇರಲಿಲ್ಲ, ಬಲಗೈಯ ಹೆಬ್ಬೆರಳು ಸೊಟ್ಟಗಾಗಿತ್ತು. ಎರಡೂ ಚೆಂಡಿನ ಕೆಲಸ. ಚಿಕ್ಕಂದಿನಲ್ಲಿ ಅವರು ಮಿಶನ್ ಹಾಸ್ಟೆಲಿನಲ್ಲಿ ಬೆಳೆದವರು. ಅಲ್ಲಿದ್ದ ಒಬ್ಬ ಅಮೆರಿಕದ ಪಾದ್ರಿ ಹುಡುಗರಿಗೆ ತನ್ನ ದೇಶದ ಬೇಸ್‌ಬಾಲ್ ಕಲಿಸಿದ್ದನಂತೆ. ಊರು ಬಿಟ್ಟು ಹೋಗುವಾಗ, ಅಂಪೈರ್ ಆದವನು ಎದೆಗೆ ಹಿಡಿದುಕೊಳ್ಳುವ ಕವಚವೊಂದನ್ನು ಇವರಿಗೆ ಕೊಟ್ಟು ಹೋಗಿದ್ದ.

ಅದನ್ನು ಕವಚ ಎಂದವರು ಊರಲ್ಲಿ ಯಾರೂ ಇಲ್ಲ. ಎಲ್ಲರ ಬಾಯಲ್ಲಿ ಅದು ಗಾದಿ. ಅದರಿಂದಾಗಿ ಅವರೂ ಗಾದಿ ಮಾಸ್ತರು. ಕೊರಳಿನಿಂದ ತೊಡೆಯವರೆಗೆ ಬರುವಷ್ಟು ದೊಡ್ಡದು, ಮೇಲೆ ದಪ್ಪ ಕ್ಯಾನ್ವಾಸು, ಅಂಚಿಗೆ ಚರ್ಮ. ಮೊದಲು ಒಳಗೆ ಗಾಳಿ ತುಂಬುವ ರಬ್ಬರಿನ ಚೀಲವಿತ್ತಂತೆ. ನಮ್ಮ ಕಡೆಯ ಬಿಸಿಲಿಗೆ ರಬ್ಬರು ಸೀಳಿದ ಮೇಲೆ ಪಿಂಜಾರರ ಚಾಚಾ ಅದರೊಳಗೆ ಹತ್ತಿಯನ್ನು ಗಿಡಿದು ಹೊಲಿದುಕೊಟ್ಟಿದ್ದ. ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಎರಡೂ ಕೈಯಿಂದ ಅದನ್ನು ಮುಂದೆ ಹಿಡಿದು, ಚೆಂಡು ಹಿಡಿಯುವವಳ ಹಿಂದೆ ಅವರು ನಿಲ್ಲುತ್ತಿದ್ದರು. ನಮ್ಮ ಕೈ ತಪ್ಪಿದ ಚೆಂಡು ಧಪ್ ಎಂದು ಅದಕ್ಕೆ ಬಡಿಯುತ್ತಿತ್ತು. ಬಡಿದಾಗಲೆಲ್ಲ ಅವರ ಬಾಯಿಂದ ಹೂಂ ಎಂಬ ಸಣ್ಣ ಸದ್ದು. ಅದರ ಹಿಂದೆ ಆ ವಾಸನೆ...

ಹುಡುಗಿಯರಿಗೆ ಸಾಫ್ಟ್‌ಬಾಲ್ ಆಡಿಸಬೇಕೆಂದು ಇಲಾಖೆಯಿಂದ ಹುಕುಂ ಬಂದಾಗ ಸುತ್ತಮುತ್ತ ಆ ಆಟದ ಗಂಧ ಇದ್ದವರು ಇವರೊಬ್ಬರೇ. ಬೇಸ್‌ಬಾಲಿನ ತಂಗಿಯಂಥ ಆಟ ಅದು. ಚೆಂಡು ಸ್ವಲ್ಪ ದೊಡ್ಡದು, ಎಸೆಯುವ ಕೈ ಸೊಂಟದ ಕೆಳಗಿನಿಂದ ಬರುತ್ತದೆ. ಹೆಸರಿನಲ್ಲಷ್ಟೇ ಮೆತ್ತಗೆ, ಮೈಗೆ ಬಡಿದರೆ ಕಲ್ಲು. ಮೊದಲ ದಿನವೇ ನನ್ನನ್ನು ಬ್ಯಾಟು ಹಿಡಿದವಳ ಹಿಂದೆ ಕೂರಿಸಿ ಚೆಂಡು ಹಿಡಿಯಲು ಹಚ್ಚಿದರು. ಮೂರನೆಯ ಚೆಂಡು ಹೆಗಲ ಮೂಳೆಗೆ ಬಡಿಯಿತು. ನೆಲಕ್ಕೆ ಬಿದ್ದು ಅತ್ತೆ.

"ಅಳಾಕತ್ತೀ ಯಾಕ? ನೀ ಮಾರಿ ಹೊಳ್ಳಿಸ್ದಿ, ಅದಕ ಬಡೀತು" ಎಂದರು. ಆಮೇಲೆ ಗಾದಿಯನ್ನು ಕೊರಳಿನಿಂದ ತೆಗೆದು ಪಕ್ಕಕ್ಕೆ ಹಾಕಿ, ಹತ್ತು ಹೆಜ್ಜೆ ದೂರ ಹೋಗಿ ನಿಂತರು. ಬರೀ ಬನಿಯನ್ನು. "ಹೊಡಿ ನನಗ. ಜೋರ್ಲೆ ಹೊಡಿ."

ನಾನು ಮೆಲ್ಲಗೆ ಎಸೆದೆ. ಬೈದರು. ಎರಡನೆಯ ಸಲ ಜೋರಾಗಿ ಎಸೆದೆ. ಎದೆಗೆ ಬಡಿದು ಚೆಂಡು ಕೆಳಗೆ ಬಿತ್ತು. ಅವರು ಅಲುಗಲಿಲ್ಲ. ಮೂರನೆಯದನ್ನು ಸಿಟ್ಟಿನಿಂದ, ಹಲ್ಲು ಕಚ್ಚಿ ಎಸೆದೆ. ಅದು ಪಕ್ಕೆಲುಬಿಗೆ ಬಡಿದ ಸದ್ದು ಎಲ್ಲ ಹುಡುಗಿಯರಿಗೂ ಕೇಳಿಸಿತು. ಅವರು ನೆಲಕ್ಕೆ ಕುಸಿದು ಕೂತು, ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. ಎದ್ದು ಧೂಳು ಝಾಡಿಸಿಕೊಂಡು, "ನೋಡ್ದಿ? ಸತ್ತಿಲ್ಲ. ಹೋಗು, ಕೂಡು" ಎಂದರು. ಮರುದಿನ ಅವರ ಅಂಗಿಯ ಗುಂಡಿಯ ಸಂದಿಯಲ್ಲಿ ನೀಲಿಗಟ್ಟಿದ ಎದೆಯೂ ಅದರ ಮೇಲೆ ಹೆಂಡತಿ ಹಚ್ಚಿದ ಅರಿಶಿನ ಸುಣ್ಣದ ಪಟ್ಟೂ ಕಾಣುತ್ತಿದ್ದವು. ಅಂದಿನಿಂದ ನಾನು ಚೆಂಡಿಗೆ ಮುಖ ತಿರುಗಿಸಲಿಲ್ಲ.

ನನ್ನನ್ನು ಆಡಲು ಕಳಿಸಿದವನು ನನ್ನ ಅಣ್ಣ. ಅವ್ವ ಬೇಡವೆಂದು ಹಟ ಹಿಡಿದಾಗ, "ಆಡ್ಲಿ ಬಿಡವ್ವಾ, ನಾ ಇದೀನಲ್ಲ" ಎಂದು ತಾನೇ ಸೈಕಲ್ ಮೇಲೆ ಕೂರಿಸಿಕೊಂಡು ಬಿಟ್ಟು ಬರುತ್ತಿದ್ದ. ಹೆದ್ದಾರಿಯ ಗ್ಯಾರೇಜಿನಲ್ಲಿ ಲಾರಿಗಳ ಅಡಿಯ ಉಕ್ಕಿನ ಪಾಟಾ ಬಡಿಯುವ ಕೆಲಸ ಅವನದು. ಕಬ್ಬಿಣ ಬಡಿದು ಬಡಿದು ತೋಳು ಕಬ್ಬಿಣವೇ ಆಗಿದ್ದವು. ನನ್ನ ಆಟವೆಂದರೆ ಗ್ಯಾರೇಜಿನ ಗೆಳೆಯರನ್ನೆಲ್ಲ ಕಟ್ಟಿಕೊಂಡು ಬಂದು ಕೂಗುತ್ತಿದ್ದ. ಸಿಟ್ಟು ಬಂದರೆ ಅವನನ್ನು ಹಿಡಿಯುವುದು ಕಷ್ಟ. ಅದು ನನಗೆ ಗೊತ್ತಿತ್ತು.

ಮೊದಲ ವರ್ಷ ನಾವು ಬಸವಕಲ್ಯಾಣಕ್ಕೆ ಹೋಗಿ ಆಡಿ ಗೆದ್ದೆವು. ಗೆದ್ದ ಮೇಲೆ ಮೈದಾನದ ಅಂಚಿನಲ್ಲಿ ಬೈಗುಳ ಶುರುವಾಯಿತು. ಆಮೇಲೆ ನೂಕಾಟ. ನಾವು ಬಸ್ಸು ಹತ್ತುವ ಹೊತ್ತಿಗೆ ಕಲ್ಲು. ಚೆಂಡು ಎಸೆಯುವ ನಮ್ಮ ಹುಡುಗಿ ಕಿಟಕಿಯ ಪಕ್ಕ ಕೂತಿದ್ದಳು. ಗಾಜು ಒಡೆದು ಬಂದ ಕಲ್ಲು ಅವಳ ಹಣೆ ಸೀಳಿತು. ಮಾಸ್ತರು ಆ ಕಿಟಕಿಗೆ ಗಾದಿಯನ್ನು ಒತ್ತಿ ಹಿಡಿದು, ಅದಕ್ಕೆ ಬೆನ್ನು ಕೊಟ್ಟು ನಿಂತರು. ಬಸ್ಸು ಹೆದ್ದಾರಿ ಸೇರುವವರೆಗೂ ಹಾಗೇ ನಿಂತಿದ್ದರು. ಗಾದಿಯ ಮೇಲೆ ಕಲ್ಲು ಬೀಳುವ ಸದ್ದನ್ನು ನಾನು ಎಣಿಸುತ್ತಿದ್ದೆ... ಆಮೇಲೆ ಎಣಿಕೆ ತಪ್ಪಿತು. ಆ ಹುಡುಗಿಯ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಲಂಗ ರಕ್ತದಿಂದ ಒದ್ದೆಯಾಗಿ ಕಾಲಿಗೆ ಅಂಟಿತ್ತು. ಮನೆಗೆ ಬಂದಾಗ ಅಣ್ಣ ಆ ಲಂಗ ನೋಡಿದ. "ಬರ್ಲಿ ಅವ್ರು ಇಲ್ಲಿಗಿ" ಎಂದಷ್ಟೇ ಹೇಳಿದ.

ಮರುವರ್ಷ ಇಲಾಖೆಯಿಂದ ಆಟದ ಸಾಮಾನಿನ ಪೆಟ್ಟಿಗೆ ಬಂತು. ಅದರಲ್ಲಿ ಹೊಸ ನಮೂನೆಯ ಎದೆಗವಚವಿತ್ತು. ನೋಡಿದರೆ ನಂಬಿಕೆ ಬರುವಂಥದ್ದಲ್ಲ. ಸ್ಪಂಜಿನ ತೆಳುವಾದ ಪಟ್ಟಿಗಳು, ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಗಳು. ಅಂಗಿಯ ಒಳಗೆ ಕಟ್ಟಿಕೊಂಡು ಗುಂಡಿ ಹಾಕಿದರೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಾಸ್ತರು ಅದನ್ನು ಕಟ್ಟಿಕೊಂಡ ದಿನ ಹುಡುಗನ ಹಾಗೆ ಕುಣಿದಾಡಿದರು. ಗಾದಿ ಹಿಡಿದಾಗ ಎರಡೂ ಕೈ ಕಟ್ಟಿದಂತೆ. ಬಗ್ಗಲಾಗದೆ ನಮ್ಮ ತಲೆಯ ಮೇಲಿನಿಂದ ಇಣುಕಬೇಕಿತ್ತು, ಕೆಳಗೆ ಬಂದ ಚೆಂಡಿಗೆ ಅಂದಾಜಿನ ಮೇಲೆ ತೀರ್ಪು ಕೊಡುತ್ತಿದ್ದರು. ಈಗ ಕೈ ಬಿಡುವು. ನನ್ನ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಕುಕ್ಕರಗಾಲಲ್ಲಿ ಕೂರಬಹುದಿತ್ತು.

"ಈಗ ಕಾಣ್ತದ ನೋಡು ತಂಗಿ. ಇಷ್ಟ ವರ್ಷ ಕುರುಡ ಇದ್ದೆ ನಾ" ಎಂದರು.

ಆದರೂ ಗಾದಿಯನ್ನು ಬಿಡಲಿಲ್ಲ. ಹೊಸದು ಎದೆಯನ್ನಷ್ಟೇ ಕಾಯುತ್ತದೆ, ಹೆಗಲು, ಹೊಟ್ಟೆಯ ಕೆಳಗೆ ಬಯಲು ಎಂದು ಹೆಂಡತಿ ಜಗಳ ತೆಗೆಯುತ್ತಿದ್ದರಂತೆ. ಅವರ ಸಮಾಧಾನಕ್ಕೆ ಗಾದಿಯನ್ನೂ ಮೈದಾನಕ್ಕೆ ತಂದು, ಹಿಂದೆ ಚೆಂಡು ತಡೆಯಲು ಕಟ್ಟಿದ್ದ ಜಾಲರಿಗೆ ಒರಗಿಸಿ ಇಡುತ್ತಿದ್ದರು.

ಆ ವರ್ಷ ಕಲ್ಯಾಣದವರು ನಮ್ಮಲ್ಲಿಗೆ ಬಂದರು. ಗೆದ್ದವರು ಜಿಲ್ಲೆಯ ಆಟಕ್ಕೆ ಬೀದರಿಗೆ ಹೋಗಬೇಕು. ಬೀದರಿನಿಂದ ಬರಬೇಕಿದ್ದ ಅಂಪೈರ್ ಬರಲೇ ಇಲ್ಲ. ಮಧ್ಯಾಹ್ನದವರೆಗೆ ಕಾದರು. ಕೊನೆಗೆ ನಿಯಮ ಬಲ್ಲವರು ನಮ್ಮ ಮಾಸ್ತರೊಬ್ಬರೇ ಎಂದಾಯಿತು. ಕಲ್ಯಾಣದ ಹುಡುಗಿಯರನ್ನು ಕರೆತಂದಿದ್ದ ಶಿಕ್ಷಕಿ ಒಪ್ಪಲಿಲ್ಲ.

"ನಿಮ್ಮ ಪೋರಿಗೋಳು ಆಡ್ತಾವ, ನೀವೇ ಅಂಪೈರ್ ಅಂದ್ರ ಹ್ಯಾಂಗ್ರಿ ಸರ್?"

"ಆ ಜಾಗಾದಾಗ ಕುಂತ ಮ್ಯಾಲ ನಾ ಯಾ ಊರಾವನೂ ಅಲ್ರಿ ಬಾಯಿ" ಎಂದರು ಮಾಸ್ತರು. ಆ ಶಿಕ್ಷಕಿ ಅವರ ಮುಖವನ್ನು ಬಹಳ ಹೊತ್ತು ನೋಡಿ, ಹೂಂ ಎಂದು ತಲೆಯಾಡಿಸಿದರು.

ಮೈದಾನದ ಸುತ್ತ ಗಂಡಸರು ತುಂಬಿದ್ದರು. ಹುಡುಗಿಯರ ಆಟ ನೋಡಲು ಅಷ್ಟು ಜನ ಎಂದೂ ಬಂದಿರಲಿಲ್ಲ. ಅವರು ಬಂದದ್ದು ಆಟಕ್ಕಲ್ಲ. ಕೆಲವರ ಕೈಯಲ್ಲಿ ಬಡಿಗೆಯಿತ್ತು. ಅಣ್ಣ ಗೆಳೆಯರೊಂದಿಗೆ ಮುಂದೆಯೇ ಬೆಂಚಿನ ಮೇಲೆ ನಿಂತಿದ್ದ.

ಆಟ ಸಮಸಮವಾಗಿ ಸಾಗಿತು. ಕೊನೆಯ ಸರದಿ ಕಲ್ಯಾಣದವರದು. ಅವರ ಒಬ್ಬ ಹುಡುಗಿ, ಹುಲಸೂರ ಕಡೆಯವಳು, ತೆಳ್ಳಗಿನ ಬರಿಗಾಲಿನ ಹುಡುಗಿ, ಓಟದ ನಾಲ್ಕು ಮೂಲೆಗಳಲ್ಲಿ ಮೂರನೆಯದನ್ನು ತಲುಪಿದ್ದಳು. ಅಲ್ಲಿಂದ ಓಡಿ ಬಂದು ನನ್ನ ಮುಂದಿನ ಹಲಗೆ ಮುಟ್ಟಿದರೆ ಅವರು ಗೆದ್ದಂತೆ. ಕಾಲು ಹಲಗೆಗೆ ತಾಗುವ ಮೊದಲು ಚೆಂಡಿರುವ ಕೈಯಿಂದ ನಾನು ಅವಳನ್ನು ಮುಟ್ಟಿದರೆ ಔಟ್. ಇಷ್ಟೇ ನಿಯಮ.

ಯಾರೋ ಚೆಂಡು ಹೊಡೆದರು. ಅವಳು ಓಡಿ ಬಂದಳು. ಚೆಂಡೂ ಬಂತು. ನನ್ನ ಕೈಗವಸಿಗೆ ಚೆಂಡು ಬಡಿದದ್ದು, ಅವಳು ನೆಲಕ್ಕೆ ಬಿದ್ದು ಜಾರಿದ್ದು, ನಾನು ಕೈ ಬೀಸಿದ್ದು, ಎಲ್ಲ ಒಂದೇ ಉಸಿರಿನಲ್ಲಿ. ಮುರುಮಿನ ಕೆಂಪು ಧೂಳು ಎದ್ದಿತು. ಆ ಧೂಳಿನೊಳಗೆ ನನ್ನ ಕೈ ಅವಳ ಬೆನ್ನಿನ ಮೇಲೆ ಹಾದು ಹೋಯಿತು. ಮುಟ್ಟಲಿಲ್ಲ. ಎರಡು ಬೆರಳಿನಷ್ಟು ಅಂತರ ಉಳಿದಿತ್ತು. ಅದು ನನಗೆ ಗೊತ್ತಾಯಿತು, ಖಂಡಿತ ಗೊತ್ತಾಯಿತು. ಆದರೂ ಚೆಂಡನ್ನು ಮೇಲೆತ್ತಿ ಔಟ್ ಎಂದು ಕೂಗಿದೆ. ಮೈದಾನವೆಲ್ಲ ನನ್ನೊಂದಿಗೆ ಕೂಗಿತು.

ಮಾಸ್ತರು ನನ್ನ ಪಕ್ಕದಲ್ಲೇ ಇದ್ದರು. ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ನೋಡಿದ್ದರು. ಗಾದಿ ಕೊರಳಲ್ಲಿದ್ದಿದ್ದರೆ ಅಷ್ಟು ಬಗ್ಗಲು ಆಗುತ್ತಿರಲಿಲ್ಲ. ಅವರು ಎದ್ದು, ಎರಡೂ ತೋಳನ್ನು ಅಗಲಕ್ಕೆ ಚಾಚಿ, "ಸೇಫ್" ಎಂದರು.

ಗದ್ದಲ ನಿಂತಿತು. ಅಣ್ಣ ಬೆಂಚಿನಿಂದ ಜಿಗಿದು ಬಂದ. ಅವನ ಹಿಂದೆ ಹತ್ತಾರು ಜನ. "ಖರೇ ಹೇಳು, ಮುಟ್ಟಿದಿ ಇಲ್ಲ?" ಎಂದು ನನ್ನನ್ನೇ ಕೇಳಿದ. ಮಾಸ್ತರು ಮುಖದ ಜಾಲರಿ ತೆಗೆದು ನನ್ನ ಕಡೆ ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ಚೆಂಡು ಬರುವುದನ್ನು ಕಾಯುವ ಹಾಗೆ ಕಾಯುತ್ತಿದ್ದರು. ನಾನು ಅಣ್ಣನ ಮುಖ ನೋಡಿದೆ. ಸುತ್ತ ನಿಂತವರನ್ನು ನೋಡಿದೆ.

"ಮುಟ್ಟೀನಿ" ಎಂದೆ.

"ಫೈಸಲಾ ಬದ್ಲಿ ಮಾಡ್ರಿ ಮಾಸ್ತರ" ಎಂದ ಅಣ್ಣ.

"ಸೇಫ್ ಅಂದ್ರ ಸೇಫ್."

ಮೊದಲ ಕಲ್ಲು ಬಿದ್ದದ್ದು ಮಾಸ್ತರಿಗಲ್ಲ. ಹಲಗೆಯ ಪಕ್ಕ ಇನ್ನೂ ನೆಲದ ಮೇಲೇ ಇದ್ದ ಆ ಹುಲಸೂರ ಹುಡುಗಿಯ ಕಿವಿಯ ಹತ್ತಿರ ಬಿತ್ತು. ಅವಳು ಕಿರುಚಿ ಕೈಯಿಂದ ತಲೆ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ರಕ್ತ ಇಳಿಯಿತು. ಜನ ಅವಳ ಕಡೆ ನುಗ್ಗಿದರು. ಒಬ್ಬ ಅವಳ ಜಡೆ ಹಿಡಿದು ಎಳೆದ. ಮಾಸ್ತರು ಅವನ ಮುಖಕ್ಕೆ ಮುಷ್ಟಿಯಿಂದ ಗುದ್ದಿ, ಹಿಂದಕ್ಕೆ ಓಡಿ ಗಾದಿಯನ್ನು ತಂದು, ಆ ಹುಡುಗಿಯ ಮೇಲೆ ಹಾಕಿ, ಅದರ ಮೇಲೆ ತಾವು ಬೋರಲು ಬಿದ್ದರು. ಗಾದಿಯ ಅಂಚನ್ನು ಎರಡೂ ಕೈಯಿಂದ ನೆಲಕ್ಕೆ ಒತ್ತಿ ಹಿಡಿದರು.

ಅವರ ಎದೆಗೆ ಹೊಸ ಕವಚವಿತ್ತು. ಎದೆ ಕೆಳಗಿತ್ತು. ಮೇಲಿದ್ದದ್ದು ಬರೀ ಅಂಗಿಯ ಬೆನ್ನು.

ನನ್ನ ಕಾಲ ಹತ್ತಿರ ಬಿದ್ದಿದ್ದ ಬ್ಯಾಟನ್ನು ಅಣ್ಣ ಎತ್ತಿಕೊಂಡ. ಗ್ಯಾರೇಜಿನಲ್ಲಿ ಪಾಟಾ ಬಡಿಯುವ ಹಾಗೆ, ಎರಡೂ ಕೈಯಿಂದ, ಸೊಂಟ ತಿರುಗಿಸಿ ಹೊಡೆದ. ಮೊದಲ ಏಟು ಬೆನ್ನಿಗೆ. ಎರಡನೆಯದು ಹೆಗಲಿಗೆ, ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು. ಮೂರನೆಯದು ಕಿವಿಗೆ. ಆಮೇಲೆ ಉಳಿದವರು ಸೇರಿಕೊಂಡರು. ಬಡಿಗೆ, ಚಪ್ಪಲಿ, ಕಾಲು. ನಾನು "ಬ್ಯಾಡಣ್ಣಾ" ಎಂದು ಅವನ ಅಂಗಿ ಹಿಡಿದು ಜಗ್ಗಿದೆ. ಅವನ ಮೊಣಕೈ ನನ್ನ ಬಾಯಿಗೆ ಬಡಿಯಿತು. ರಕ್ತ ಉಗುಳುತ್ತಾ ಬಿದ್ದೆ. ಬಿದ್ದಲ್ಲಿಂದ ನನಗೆ ಕಾಣುತ್ತಿದ್ದದ್ದು ಮಾಸ್ತರ ಕೈ ಮಾತ್ರ. ಸೊಟ್ಟ ಹೆಬ್ಬೆರಳಿನ ಆ ಕೈ ಗಾದಿಯ ಅಂಚನ್ನು ಬಿಡಲಿಲ್ಲ. ಯಾರೋ ಅದನ್ನು ಚಪ್ಪಲಿಯಿಂದ ತುಳಿದರು. ಬಿಡಲಿಲ್ಲ. 'ನಾ ಮುಟ್ಟಿಲ್ಲ' ಎಂಬ ಎರಡು ಮಾತು ನನ್ನ ಬಾಯಲ್ಲೇ ಇತ್ತು. ಹೇಳಲಿಲ್ಲ...

ಪೊಲೀಸರು ಬಂದಾಗ ಜನ ಚದುರಿದರು. ಗಾದಿಯ ಕೆಳಗಿನಿಂದ ಹುಡುಗಿ ಎದ್ದು ಬಂದಳು. ಕಿವಿಯ ಹತ್ತಿರದ ಗಾಯ ಬಿಟ್ಟರೆ ಅವಳಿಗೆ ಏನೂ ಆಗಿರಲಿಲ್ಲ. ಮಾಸ್ತರನ್ನು ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಹೆಗಲ ಮೂಳೆ, ನಾಲ್ಕು ಪಕ್ಕೆಲುಬು ಮುರಿದಿದ್ದವು. ಬಲಗಿವಿ ಶಾಶ್ವತವಾಗಿ ಹೋಯಿತು. ಬಲಗೈ ಮತ್ತೆ ಹೆಗಲಿಗಿಂತ ಮೇಲೆ ಏಳಲಿಲ್ಲ. ಆಸ್ಪತ್ರೆಯ ಮಂಚದ ಮೇಲಿಂದಲೇ, ಎಡಗೈಯಿಂದ ಆಟದ ಹಾಳೆಯ ಮೇಲೆ 'ಸೇಫ್' ಎಂದು ಬರೆದು ಸಹಿ ಹಾಕಿ ಕಳಿಸಿದರಂತೆ. ಕಲ್ಯಾಣದ ಹುಡುಗಿಯರು ಬೀದರಿಗೆ ಹೋದರು.

ಹೊಡೆದವರು ಯಾರು ಎಂದು ಫೌಜದಾರರು ಕೇಳಿದಾಗ ಅವರು ಹೇಳಿದ್ದನ್ನು ಆಮೇಲೆ ಊರೆಲ್ಲ ಆಡಿಕೊಂಡಿತು. "ಧೂಳ ಎದ್ದಿತ್ರಿ ಸಾಹೇಬ್ರ. ಯಾರ ಮಾರೀನೂ ಕಾಣ್ಲಿಲ್ಲ."

ಅಣ್ಣ ಮೂರು ದಿನ ಚಿಟಗುಪ್ಪದ ಸೋದರಮಾವನ ಮನೆಯಲ್ಲಿ ಅಡಗಿದ್ದು, ಈ ಮಾತು ಕೇಳಿ ಮರಳಿ ಬಂದ. ಅವತ್ತೇ ಅವನಿಗೆ ಹೇಳಿದೆ, ನಾ ಮುಟ್ಟಿರಲಿಲ್ಲ, ಸುಳ್ಳು ಹೇಳಿದೆ ಎಂದು. ಅವನು ಊಟಕ್ಕೆ ಕೂತಿದ್ದ. ತಾಟು ನೂಕಿ ಎದ್ದು, ಸೊಂಟದ ಬೆಲ್ಟು ಬಿಚ್ಚಿ ನನ್ನನ್ನು ಹೊಡೆದ. ಅವ್ವ ಅಡ್ಡ ಬಂದರೆ ಅವಳಿಗೂ ಒಂದೇಟು ಬಿತ್ತು. ಆಮೇಲೆ ಬೆಲ್ಟನ್ನು ಎಸೆದು, ಗೋಡೆಗೆ ಹಣೆ ಹಚ್ಚಿ ಅಳುತ್ತಾ ಕೂತ. "ನನ್ನ ಕೈಲೆ ಏನ್ ಮಾಡಿಸ್ದಿ ತಂಗಿ ನೀ?" ಎಂದ. ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಮಾಸ್ತರ ಓಣಿಯಲ್ಲಿ ಅವನು ಮತ್ತೆ ಕಾಲಿಡಲಿಲ್ಲ.

ಮಾಸ್ತರು ಮನೆಗೆ ಬಂದ ಸುದ್ದಿ ತಿಳಿದು ನಾನು ಹೋದೆ. ಬೆನ್ನ ಮೇಲೆ ಬೆಲ್ಟಿನ ಬರೆ ಇನ್ನೂ ಉರಿಯುತ್ತಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು, ಒಳಗೆ ಬಾ ಎನ್ನಲಿಲ್ಲ. ಒಳಗಿನಿಂದ ಯಾರು ಎಂದು ಕೇಳಿದ ಮೇಲೆ ಸರಿದು ನಿಂತರು. ಮಾಸ್ತರು ಗೋಡೆಗೆ ಒರಗಿ ಕೂತಿದ್ದರು. ಎದೆಯ ಸುತ್ತ ಪಟ್ಟಿ ಸುತ್ತಿದ್ದರು. ಮುಖದ ಒಂದು ಪಾಲು ಬಾತು ಕಪ್ಪಾಗಿತ್ತು.

"ಸರ್, ನಾ ಮುಟ್ಟಿದ್ದಿಲ್ರಿ" ಎಂದೆ.

ಕೇಳದ ಕಿವಿಯ ಕಡೆ ನಿಂತಿದ್ದೆ ಎಂದು ಕಾಣುತ್ತದೆ. ಅವರು ಕುತ್ತಿಗೆ ತಿರುಗಿಸಿದರು. ಇನ್ನೊಮ್ಮೆ ಹೇಳಿದೆ.

"ನನಗ್ಯಾಕ ಹೇಳ್ತಿ? ನನಗ ಗೊತ್ತಿತ್ತು" ಎಂದರು. "ಅಲ್ಲಿ ಹೇಳೋದಿತ್ತು." ಕಣ್ಣು ಮುಚ್ಚಿಕೊಂಡು, "ಹೋಗು" ಎಂದರು.

ಹೋದೆ. ಆ ಮಾತನ್ನು ಹಿಡಿದುಕೊಂಡು ಹೋದವಳು ಬಹಳ ವರ್ಷ ಮತ್ತೆ ಆ ಮನೆಗೆ ಕಾಲಿಡಲಿಲ್ಲ. ನಮ್ಮ ಹೈಸ್ಕೂಲಿನಲ್ಲಿ ಹುಡುಗಿಯರ ಆಟ ನಿಂತಿತು. ನಾನು ಟ್ರೇನಿಂಗು ಮುಗಿಸಿ ಚಿಟಗುಪ್ಪದಲ್ಲಿ ಮಕ್ಕಳಿಗೆ ಕಲಿಸುವ ನೌಕರಿಗೆ ಸೇರಿದೆ. ಮಾಸ್ತರಿಗೆ ಸಾಲೆಯಲ್ಲಿ ಬರೆಯುವ ಕೆಲಸ ಕೊಟ್ಟಿದ್ದರು ಎಂದು ಕೇಳಿದ್ದೆ. ಎಂಬತ್ತರ ದಶಕದಲ್ಲಿ ಒಮ್ಮೆ ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ನಾನು ಬಸ್ಸಿನ ಕಿಟಕಿಯಲ್ಲಿದ್ದೆ. ಅವರು ಹೋಟೆಲಿನ ಮುಂದೆ ನಿಂತು ಎಡಗೈಯಲ್ಲಿ ಬಸಿ ಹಿಡಿದು ಚಹಾ ಕುಡಿಯುತ್ತಿದ್ದರು. ಎದೆ ಒಳಕ್ಕೆ ಕುಸಿದಿತ್ತು, ಅಂಗಿ ಜೋತು ಬಿದ್ದಿತ್ತು. ಇಳಿಯಬೇಕೆಂದು ಎದ್ದು ನಿಂತೆ. ಎದ್ದು ನಿಂತೇ ಇದ್ದೆ... ಬಸ್ಸು ಹೊರಟಿತು.

ಅದಾದ ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಅವರು ತೀರಿಕೊಂಡರು. ನನಗೆ ಸುದ್ದಿ ಸಿಗುವಷ್ಟರಲ್ಲಿ ಎರಡು ತಿಂಗಳಾಗಿತ್ತು. ಆಗ ಹೋದೆ. ಬಾಗಿಲು ತೆರೆದ ಅವರ ಹೆಂಡತಿಗೆ ನನ್ನ ಗುರುತು ಹತ್ತಲಿಲ್ಲ. ಹೇಳಿದ ಮೇಲೆ ಕೈ ಹಿಡಿದು ಒಳಗೆ ಕರೆದು, ನೀರು ಕೊಟ್ಟರು. ಸರ್ ನನ್ನ ಮೇಲೆ ಸಿಟ್ಟಿನಲ್ಲೇ ಹೋದರೇನೋ ಎಂದು ನಾನೇ ಕೇಳಿದೆ.

"ಸಿಟ್ಟ ಯಾಕ ಇರ್ತದವ್ವಾ?" ಎಂದರು. "ಅವತ್ತ ಹೋಗು ಅಂದಿದ್ದು ಖರೆ. ಮೈಯಾಗ ಬ್ಯಾನಿ ಭಾಳ ಇತ್ತು. ಮರುದಿನ ಬರ್ತಾಳ ಅಂತ ತಿಳಕೊಂಡಿದ್ರು. ಆ ಹುಡುಗಿ ಬಂತೇನು, ಬಂತೇನು ಅಂತ ಎಂಟು ದಿನ ಕೇಳಿದ್ರು. ಆಮ್ಯಾಲ ಕೇಳೋದು ಬಿಟ್ರು."

ಈಗ ಆ ತಾಯಿಯೂ ಇಲ್ಲ, ಅಣ್ಣನೂ ಇಲ್ಲ. ಮಾಸ್ತರು ತೀರಿಕೊಂಡಾಗಿನ ವಯಸ್ಸನ್ನು ನಾನು ದಾಟಿದ್ದೇನೆ. ಹುಮನಾಬಾದಿಗೆ ಹೋದಾಗ ಆ ಓಣಿಯ ಕಡೆ ನಡೆದು ನೋಡುತ್ತೇನೆ. ಅವರಿದ್ದ ಮನೆಯ ಜಾಗದಲ್ಲಿ ಬೇರೆ ಯಾರೋ ಕಟ್ಟಿಕೊಂಡಿದ್ದಾರೆ. ಅಲ್ಲಿಂದ ನಮ್ಮ ಹಳೆಯ ಮನೆಗೆ ಮೂರೇ ಓಣಿ. ನಿಧಾನಕ್ಕೆ ನಡೆದರೂ ಐದು ನಿಮಿಷ ಹಿಡಿಯುವುದಿಲ್ಲ.